ಹೊಟ್ಟೆನೋವಿಲ್ಲದ ಹೊಟ್ಟೆಯ ಕಾಯಿಲೆ

“ಇಷ್ಟು ವರ್ಷ ನುಂಗಿದ ಕಬ್ಬಿಣವೆಲ್ಲ ಎಲ್ಲಿಗೆ ಹೋಯಿತಮ್ಮಾ?” ಎಂದು ಆ ವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮೇಜಿನ ಮೇಲೆ ನನ್ನ ಆರು ವರ್ಷಗಳ ರಕ್ತಪರೀಕ್ಷೆಯ ವರದಿಗಳು ಹರಡಿಕೊಂಡಿದ್ದವು. ಹಿಮೋಗ್ಲೋಬಿನ್ ಮೊದಲು 8.4 ಇತ್ತು, ಮೂರು ತಿಂಗಳು ಮಾತ್ರೆ ನುಂಗಿದ ಮೇಲೆ 8.9 ಆಯಿತು, ಆಮೇಲೆ 8.1ಕ್ಕೆ ಇಳಿಯಿತು, ಡ್ರಿಪ್ಪಿನಲ್ಲಿ ಕಬ್ಬಿಣ ಹಾಕಿಸಿಕೊಂಡಾಗ 11 ದಾಟಿತು, ವರ್ಷ ತುಂಬುವುದರೊಳಗೆ ಮತ್ತೆ ಎಂಟರ ಹತ್ತಿರ ಬಂದು ನಿಂತಿತು. ಅವರು ಆ ಅಂಕಿಗಳಿಗೆ ಪೆನ್ಸಿಲಿನಲ್ಲಿ ಒಂದೊಂದೇ ಸುತ್ತು ಹಾಕುತ್ತ ಹೋದರು. ನೇರವಾಗಿ ರಕ್ತಕ್ಕೆ ಸೇರಿಸಿದಾಗ ಏರಿದೆ, ಬಾಯಿಂದ ಕೊಟ್ಟಾಗ ಏರಿಲ್ಲ. ಹಾಗಿದ್ದರೆ ಬಾಯಿಗೂ ರಕ್ತಕ್ಕೂ ನಡುವಿನ ದಾರಿಯಲ್ಲಿ ಎಲ್ಲೋ ತೊಂದರೆಯಿದೆ ಎಂದರು. ಅದಕ್ಕಿಂತ ಮೊದಲು ನಾನು ಕಂಡಿದ್ದ ಯಾರೂ ಆ ಆರು ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ನನಗೆ ಹೊಟ್ಟೆಯ ತೊಂದರೆ ಯಾವತ್ತೂ ಇರಲಿಲ್ಲ. ಭೇದಿಯಿಲ್ಲ, ವಾಂತಿಯಿಲ್ಲ, ಹೊಟ್ಟೆನೋವಿಲ್ಲ. ಬದಲಿಗೆ ಮಲಬದ್ಧತೆಯಿತ್ತು, ಅದನ್ನು ಕಬ್ಬಿಣದ ಮಾತ್ರೆಯ ತಲೆಗೆ ಕಟ್ಟಿ ಸುಮ್ಮನಾಗಿದ್ದೆ. ರಕ್ತಹೀನತೆಗೆ ಎಲ್ಲರ ಬಾಯಲ್ಲೂ ಸಿದ್ಧವಾದ ಕಾರಣವೊಂದಿತ್ತು. ಹೆಣ್ಣುಮಕ್ಕಳಿಗೆ ರಕ್ತ ಕಡಿಮೆಯಿರುವುದು ಸಹಜ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೂ, ತಲೆ ಬಾಚಿದರೆ ಕೈತುಂಬ ಕೂದಲು ಬಂದರೂ, ಅದು ಹೆಣ್ಣಾಗಿ ಹುಟ್ಟಿದ್ದರ ಒಂದು ಭಾಗವೆಂದೇ ನಂಬಿದ್ದೆ. ಮುಟ್ಟಿನ ರಕ್ತಸ್ರಾವ ಹೆಚ್ಚೆಂದು ಸ್ಕ್ಯಾನಿಂಗ್ ಆಯಿತು, ಎರಡು ಸಲ ಜಂತುಹುಳದ ಮಾತ್ರೆಯಾಯಿತು, ಬೀಟ್‌ರೂಟು, ಖರ್ಜೂರ, ನುಗ್ಗೆಸೊಪ್ಪುಗಳೂ ಆದವು. ಬಾಯಲ್ಲಿ ತಿಂಗಳು ತಿಂಗಳೂ ಏಳುತ್ತಿದ್ದ ಹುಣ್ಣಿಗೆ ಅವ್ವ ಉಷ್ಣವೆಂದು ಹೆಸರಿಟ್ಟು ಕೊತ್ತಂಬರಿ ಬೀಜದ ನೀರು ಕುಡಿಸುತ್ತಿದ್ದಳು. ಅಂಗಾಲಿನಲ್ಲಿ ಇರುವೆ ಹರಿದಂತಾಗುತ್ತಿದ್ದುದಕ್ಕೆ ಆಫೀಸಿನ ಕುರ್ಚಿಯನ್ನು ದೂರಿದೆ. ಮೂವತ್ತಾರನೆಯ ವಯಸ್ಸಿನಲ್ಲಿ ಬಚ್ಚಲುಮನೆಯಲ್ಲಿ ಜಾರಿ ಕೈಯೂರಿದಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದವರು ಕ್ಯಾಲ್ಸಿಯಂ ಬರೆದುಕೊಟ್ಟರು. ಒಂದೊಂದು ತೊಂದರೆಗೂ ಒಬ್ಬೊಬ್ಬ ವೈದ್ಯರು, ಒಂದೊಂದು ಫೈಲು. ಅವೆಲ್ಲ ಒಂದೇ ಬೇರಿನಿಂದ ಎದ್ದ ಟಿಸಿಲುಗಳಿರಬಹುದೆಂಬ ಯೋಚನೆ ನನಗಂತೂ ಕನಸಿನಲ್ಲಿಯೂ ಬಂದಿರಲಿಲ್ಲ.

ಜಠರವನ್ನು ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಭಾಗಕ್ಕೆ ಡ್ಯುಯೋಡಿನಮ್ ಎನ್ನುತ್ತಾರೆ. ಹನ್ನೆರಡು ಬೆರಳುಗಳ ಅಗಲದಷ್ಟು ಉದ್ದ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಹೆಸರು ಅದು. ನಮ್ಮ ಹಳೆಯ ಲೆಕ್ಕದಲ್ಲಿಯೂ ಹನ್ನೆರಡು ಅಂಗುಲವೆಂದರೆ ಒಂದು ಗೇಣು. ಆ ಒಂದು ಗೇಣು ಮತ್ತು ಅದರ ಮುಂದಿನ ಸ್ವಲ್ಪ ದೂರದಲ್ಲಿಯೇ ನಾವು ತಿಂದ ಅನ್ನದ ಕಬ್ಬಿಣದ ಬಹುಪಾಲು ರಕ್ತಕ್ಕೆ ಸೇರಬೇಕು. ನನಗಿದ್ದದ್ದು ಸೀಲಿಯಾಕ್, ಗೋಧಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ; ಅದು ಸಾಮಾನ್ಯವಾಗಿ ಮೊದಲು ಕೈಯಿಡುವುದೂ ಅಲ್ಲಿಯೇ. ಕರುಳಿನ ಉಳಿದ ಉದ್ದ ಚೆನ್ನಾಗಿರುವುದರಿಂದ ಊಟ ಅರಗುತ್ತದೆ, ಭೇದಿಯಾಗುವುದಿಲ್ಲ, ರೋಗಿಗೆ ಹೊಟ್ಟೆಯ ನೆನಪೇ ಬರುವುದಿಲ್ಲ. ಆದರೆ ಮೊದಲ ಗೇಣಿನಲ್ಲಿ ಸೇರಬೇಕಾದ ಕಬ್ಬಿಣ ಸೇರದೆ ಹೊರಟುಹೋಗುತ್ತದೆ. ದೊಡ್ಡವರಲ್ಲಿ ಈ ಕಾಯಿಲೆಯ ಏಕೈಕ ಗುರುತು ಎಷ್ಟೋ ಸಲ ಮಾತ್ರೆಗೆ ಬಗ್ಗದ ರಕ್ತಹೀನತೆಯೇ ಆಗಿರುವುದರ ಗುಟ್ಟು ಇದು.

ಗ್ಲೂಟನ್ ಎಂದರೇನೆಂದು ಹೋಳಿಗೆ ಮಾಡುವವರಿಗೆ ವಿವರಿಸಬೇಕಾಗಿಲ್ಲ. ಕಣಕವನ್ನು ನಾದಿ, ಎಣ್ಣೆಯಲ್ಲಿ ನೆನೆಯಿಟ್ಟು ಎಳೆದಾಗ ಅದು ಹರಿಯದೆ ರಬ್ಬರಿನಂತೆ ಬರುತ್ತದಲ್ಲ, ಆ ಜಿಗಿಯೇ ಗ್ಲೂಟನ್. ಜೋಳದ ಹಿಟ್ಟಿಗೆ ಆ ಗುಣವಿಲ್ಲದ್ದರಿಂದಲೇ ರೊಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಕೈಯಲ್ಲಿ ತಟ್ಟಬೇಕು. ಗೋಧಿಯಲ್ಲಿರುವ ಈ ಪ್ರೋಟೀನಿನ ಕೆಲವು ತುಣುಕುಗಳನ್ನು ನಮ್ಮ ಜೀರ್ಣರಸಗಳು ಪೂರ್ತಿ ಕತ್ತರಿಸಲಾರವು. ಹೆಚ್ಚಿನವರಲ್ಲಿ ಅದರಿಂದ ಏನೂ ಆಗುವುದಿಲ್ಲ. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಗುರುತುಳ್ಳ ಕೆಲವರಲ್ಲಿ ಮಾತ್ರ ದೇಹದ ರಕ್ಷಣಾ ವ್ಯವಸ್ಥೆ ಆ ತುಣುಕುಗಳನ್ನು ಶತ್ರುವೆಂದು ತಿಳಿದು ಎರಗುತ್ತದೆ, ಆ ಹೊಡೆತದಲ್ಲಿ ತನ್ನದೇ ಕರುಳಿನ ಒಳಪದರವನ್ನೂ ಹಾಳುಮಾಡುತ್ತದೆ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳೂ ಇದೇ ಕೆಲಸ ಮಾಡುತ್ತವೆ. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಟೈಪ್ 1 ಮಧುಮೇಹದ ಹಾಗೆ, ಕೆಲವು ಥೈರಾಯ್ಡ್ ಕಾಯಿಲೆಗಳ ಹಾಗೆ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ. ಅವುಗಳಲ್ಲಿ ಒಂದಿರುವವರಲ್ಲಿ ಇನ್ನೊಂದು ಕಾಣಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು.

ಧಾರವಾಡದ ಕಡೆಯ ಹಳ್ಳಿಯಲ್ಲಿ ಬೆಳೆದ ನಾನು ಹದಿನೆಂಟು ವರ್ಷ ತಿಂದದ್ದು ಜೋಳದ ರೊಟ್ಟಿ. ಗೋಧಿಯೆಂದರೆ ಹಬ್ಬದ ಹುಗ್ಗಿ, ಮಾದಲಿ, ಹೋಳಿಗೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಪೀಜಿಯ ಊಟದಲ್ಲಿ ಎರಡು ಹೊತ್ತೂ ಚಪಾತಿ, ಬೆಳಿಗ್ಗೆ ಉಪ್ಪಿಟ್ಟು ಅಥವಾ ಬ್ರೆಡ್ಡು, ಸಂಜೆ ಚಹಾದ ಜೊತೆಗೆ ಬೇಕರಿಯ ತಿಂಡಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಊರಿನ ಮನೆಯಲ್ಲಿಯೂ ಅನ್ನದ ಜಾಗಕ್ಕೆ ಚಪಾತಿ ಬಂದು ಕುಳಿತಿತು. ನನ್ನ ಕಾಯಿಲೆ ಯಾವ ದಿನ ಶುರುವಾಯಿತೆಂದು ಯಾರೂ ಹೇಳಲಾರರು. ಆದರೂ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಿದಾಗ ನನ್ನ ಕಥೆಯನ್ನೇ ಯಾರೋ ಅಂಕಿಗಳಲ್ಲಿ ಬರೆದಂತೆ ಅನ್ನಿಸಿತು. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23,331 ವಯಸ್ಕರನ್ನು ಪರೀಕ್ಷಿಸಿದ ಆ ಅಧ್ಯಯನದಲ್ಲಿ ಸೀಲಿಯಾಕ್ ಕಡೆಗೆ ಬೊಟ್ಟುಮಾಡುವ ಪ್ರತಿಕಾಯಗಳು, ಅಂದರೆ ರಕ್ಷಣಾ ವ್ಯವಸ್ಥೆ ರಕ್ತಕ್ಕೆ ಬಿಡುವ ಅಸ್ತ್ರಗಳು, ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿ ಕಂಡರೆ ದಕ್ಷಿಣದಲ್ಲಿ ಕಂಡದ್ದು 0.10 ಮಂದಿಯಲ್ಲಿ, ಅಂದರೆ ಸಾವಿರಕ್ಕೆ ಒಬ್ಬರಲ್ಲಿ. ಆದರೆ ಕಾಯಿಲೆಗೆ ದಾರಿಮಾಡಿಕೊಡುವ ವಂಶವಾಹಿ ಗುರುತು ಉತ್ತರದಲ್ಲಿ ನೂರಕ್ಕೆ 38.1, ದಕ್ಷಿಣದಲ್ಲಿ 36.4; ಹೆಚ್ಚುಕಡಿಮೆ ಸಮಸಮ. ದೊಡ್ಡ ಅಂತರವಿದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ ಸುಮಾರು 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ.

ಸಾವಿರಕ್ಕೆ ಒಬ್ಬರು ಎಂಬ ಲೆಕ್ಕ ಕೇಳಿದ ವೈದ್ಯರು ಮೊದಲು ಬೇರೆ ಕಾರಣಗಳನ್ನು ಹುಡುಕುವುದು ತಪ್ಪಲ್ಲವೆಂದು ನನಗೂ ಅರ್ಥವಾಗುತ್ತದೆ. ಆದರೆ ಆ ಬೇರೆ ಕಾರಣಗಳೆಲ್ಲ ಮುಗಿದ ಮೇಲೂ ಇದು ಉತ್ತರದವರ ಕಾಯಿಲೆ, ನಮಗೆ ಬರುವುದಿಲ್ಲ ಎಂದು ಕುಳಿತರೆ, ಆ ಸಾವಿರದಲ್ಲಿ ಒಬ್ಬಳು ಹತ್ತು ವರ್ಷ ಮಾತ್ರೆ ನುಂಗುತ್ತಲೇ ಇರುತ್ತಾಳೆ. ನಮ್ಮ ತಟ್ಟೆಯೂ ಈಗ ಹಳೆಯ ತಟ್ಟೆಯಾಗಿ ಉಳಿದಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಬೇಕು, ಏಕೆಂದರೆ ಈ ಬರಹವನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ. ಆ ವೈದ್ಯರ ಬಳಿಗೆ ಹೋಗುವ ಐದು ತಿಂಗಳು ಮೊದಲೇ ನಾನು ಗೋಧಿಯನ್ನು ಬಿಟ್ಟಿದ್ದೆ. ಬಂಧುಗಳೊಬ್ಬರು ಕಳಿಸಿದ ವಿಡಿಯೋ ನೋಡಿ, ಗೋಧಿ ಬಿಟ್ಟರೆ ಸುಸ್ತು ಹೋಗುತ್ತದೆಂಬ ಮಾತಿಗೆ ಒಪ್ಪಿ, ಯಾರನ್ನೂ ಕೇಳದೆ ಬಿಟ್ಟಿದ್ದೆ. ಬಾಯಿಹುಣ್ಣು ನಿಜವಾಗಿಯೂ ಕಡಿಮೆಯಾಯಿತು, ಮೈ ಹಗುರವಾಯಿತು. ವೈದ್ಯರು ಸೀಲಿಯಾಕ್‌ನ ಪ್ರತಿಕಾಯಗಳನ್ನು ಅಳೆಯುವ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ವರದಿ ಸಹಜವೆಂದು ಬಂತು. ವರದಿ ಹಿಡಿದು ಅವರೆದುರು ಕುಳಿತು, ಆ ಕಾಯಿಲೆಯಿಲ್ಲವಂತೆ ಎಂದು ಸಮಾಧಾನದಿಂದಲೇ ಹೇಳಿದೆ. ಅವರು ವರದಿಯನ್ನು ಬದಿಗಿಟ್ಟು, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರಿ, ಒಂದೂ ಬಿಡದೆ ಹೇಳಿ ಎಂದರು. ರಾಗಿ ದೋಸೆ, ಅನ್ನ, ಜೋಳದ ರೊಟ್ಟಿ. ಚಪಾತಿ ಬಿಟ್ಟು ಎಷ್ಟು ದಿನವಾಯಿತೆಂಬ ಅವರ ಮರುಪ್ರಶ್ನೆಗೆ ಐದು ತಿಂಗಳೆಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ಗೋಧಿ ಬರುತ್ತಿರುವವರೆಗೆ ಮಾತ್ರ ದೇಹ ಆ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬಿಟ್ಟ ಮೇಲೆ ತಿಂಗಳುಗಳಲ್ಲಿ ಅವು ಇಳಿಯುತ್ತ ಹೋಗುತ್ತವೆ, ಕರುಳೂ ನಿಧಾನವಾಗಿ ಮಾಯುತ್ತದೆ. ಕಳ್ಳನನ್ನು ಹಿಡಿಯಲು ಬಂದವರ ಎದುರಿನಲ್ಲಿಯೇ ನಾನು ಅಂಗಳವನ್ನೆಲ್ಲ ಗುಡಿಸಿ ಸಾರಿಸಿ ಹೆಜ್ಜೆಗುರುತು ಅಳಿಸಿಬಿಟ್ಟಿದ್ದೆ. ಇನ್ನೂ ಒಂದು ಕಾರಣಕ್ಕೆ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯದ ವರ್ಗವೇ ಹುಟ್ಟಿನಿಂದ ತೀರ ಕಡಿಮೆಯಿರುತ್ತದೆ, ಸೀಲಿಯಾಕ್ ಇರುವವರಲ್ಲಿ ಅಂಥವರು ನೂರಕ್ಕೆ ಎರಡು ಮೂರು ಮಂದಿಯಾದರೂ ಇರುತ್ತಾರೆ. ಆದ್ದರಿಂದ ಒಟ್ಟು ಐಜಿಎ ಎಷ್ಟಿದೆಯೆಂದು ಜೊತೆಯಲ್ಲಿಯೇ ನೋಡಬೇಕು. ನನ್ನದು ಸರಿಯಿತ್ತು. ವಂಶವಾಹಿಯ ಪರೀಕ್ಷೆಯಲ್ಲಿ ಡಿಕ್ಯೂ2 ಇದೆಯೆಂದು ಬಂತು, ಆದರೆ ಅದು ಮೂವರಲ್ಲಿ ಒಬ್ಬರಿಗೆ ಇರುವಂಥದ್ದು. ಅದು ಇಲ್ಲವೆಂದು ಬಂದರೆ ಸೀಲಿಯಾಕ್ ಅಲ್ಲವೆಂದು ಬಹುಮಟ್ಟಿಗೆ ನಿಶ್ಚಿಂತರಾಗಬಹುದು. ಇದೆಯೆಂದು ಬಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ.

ಉಳಿದದ್ದು ಒಂದೇ ದಾರಿ, ಮತ್ತೆ ಗೋಧಿ ತಿನ್ನುವುದು. ದಿನಕ್ಕೆ ಎರಡು ಚಪಾತಿಯಂತೆ ಎಂಟು ವಾರ. ಮೈಗೆ ಆಗದೆಂದು ಗೊತ್ತಿದ್ದೂ ಪ್ರತಿದಿನ ಅದನ್ನೇ ಬಾಯಿಗಿಡುವುದು ಎಷ್ಟು ಕಠಿಣವೆಂದು ಆ ಎರಡು ತಿಂಗಳಲ್ಲಿ ತಿಳಿಯಿತು. ಹತ್ತನೆಯ ದಿನಕ್ಕೆ ನಾಲಿಗೆಯ ಅಂಚಿನಲ್ಲಿ ಹುಣ್ಣೆದ್ದವು, ಮೂರನೆಯ ವಾರಕ್ಕೆ ಹಳೆಯ ಸುಸ್ತು ಮರಳಿತು. ಮಗಳು ನನ್ನ ತಟ್ಟೆಯ ಕಡೆಗೆ ನೋಡಿ, ಅಮ್ಮಾ ಬೇಡವಾದರೆ ನನಗೆ ಕೊಡು ಎನ್ನುತ್ತಿದ್ದಳು. ಎಂಟು ವಾರ ಮುಗಿದ ಮೇಲೆ ತೆಗೆಸಿದ ರಕ್ತದಲ್ಲಿ ಟಿಟಿಜಿ ಪ್ರಮಾಣ ಸಹಜ ಮಿತಿಯನ್ನು ಹಲವು ಪಟ್ಟು ದಾಟಿತ್ತು.

ಬಾಯಿಂದ ಕೊಳವೆ ಇಳಿಸಿ ಕರುಳನ್ನು ನೋಡುವ ಎಂಡೋಸ್ಕೋಪಿಯ ದಿನ ಗಂಟಲಿಗೆ ಕಹಿಯಾದ ಮರಗಟ್ಟಿಸುವ ಔಷಧ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದನ್ನು ಇಟ್ಟರು. ಡ್ಯುಯೋಡಿನಮ್ಮಿನಿಂದ ಆರು ಚೂರು ತೆಗೆದರು. ಹಾನಿ ಅಲ್ಲಲ್ಲಿ ತೇಪೆ ತೇಪೆಯಾಗಿ ಇರುವುದರಿಂದ ಒಂದೆರಡು ಚೂರು ಸಾಲುವುದಿಲ್ಲ. ಎರಡನೆಯ ಭಾಗದಿಂದ ನಾಲ್ಕಾದರೂ, ಆರಂಭದ ಉಬ್ಬಿನಿಂದ ಒಂದೆರಡಾದರೂ ತೆಗೆಯಬೇಕು. ಒಂದೊಂದು ಚೂರೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ವಾರದ ಮೇಲೆ ವೈದ್ಯರು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಆರೋಗ್ಯವಂತ ಕರುಳಿನ ಒಳಗೋಡೆ ತೆನೆಬಿಟ್ಟ ಜೋಳದ ಹೊಲದಂತಿರುತ್ತದೆ. ಒತ್ತಾಗಿ ನಿಂತ ಸಣ್ಣ ಸಣ್ಣ ಎಳೆಗಳು, ಅವುಗಳಿಗೆ ವಿಲ್ಲೈ ಎಂದು ಹೆಸರು. ಅನ್ನದ ಸಾರವನ್ನು ಹೀರುವುದು ಅವುಗಳೇ. ನನ್ನದು ಕೊಯ್ಲು ಮುಗಿದ ಹೊಲದಂತಿತ್ತು, ಗಿಡ್ಡ ಕೂಳೆ ಮಾತ್ರ ಉಳಿದಿತ್ತು. ವರದಿಯಲ್ಲಿ, ಈ ಹಾನಿಯನ್ನು ಅಳೆಯುವ ಮಾರ್ಷ್ ಎಂಬ ಶ್ರೇಣಿಯಲ್ಲಿ, ಮಾರ್ಷ್ 3ಬಿ ಎಂದು ಬರೆದಿದ್ದರು. ಆ ಚಿತ್ರ ನೋಡಿ ನನಗೆ ಅಳು ಬಂತು, ಹೆದರಿಕೆಗಲ್ಲ; ಆರು ವರ್ಷ ನಾನು ಸೋಮಾರಿಯಲ್ಲ ಎಂದು ಹೇಳಿಕೊಳ್ಳಲು ಕೊನೆಗೂ ಒಂದು ಆಧಾರ ಸಿಕ್ಕಿತ್ತು.

ಈ ಕಾಯಿಲೆಗೂ ಗೋಧಿಗೂ ನಂಟಿದೆಯೆಂದು ಸಾಧಿಸಿ ತೋರಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ವಿವರಿಸಿ, ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಆಗಬೇಕೆಂದಿದ್ದರೂ ಯಾವ ಆಹಾರವೆಂದು ತಿಳಿದಿರಲಿಲ್ಲ. ಡಿಕ್ಕೆಯವರಿಗೆ 1930ರ ದಶಕದಲ್ಲಿಯೇ ಗೋಧಿಯ ಮೇಲೆ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಅವರ ದೇಶ ಬರಗಾಲದಂಥ ಹಸಿವಿಗೆ ಸಿಕ್ಕಿ, ಬ್ರೆಡ್ಡೇ ಸಿಗದೆ, ಜನ ಟ್ಯೂಲಿಪ್ ಗೆಡ್ಡೆಗಳನ್ನು ಬೇಯಿಸಿ ತಿನ್ನುವಂತಾದಾಗ, ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡದ್ದೂ, ಮತ್ತೆ ಬ್ರೆಡ್ಡು ಬಂದಾಗ ಅವರೇ ಹಾಸಿಗೆ ಹಿಡಿದದ್ದೂ ಆ ಅನುಮಾನವನ್ನು ಬಲಪಡಿಸಿತು. 1950ರಲ್ಲಿ ಅವರ ಸಂಶೋಧನಾ ಪ್ರಬಂಧ ಹೊರಬಂತು. ಅಂದಿನಿಂದ ಇಂದಿನವರೆಗೂ ಗೋಧಿ, ಬಾರ್ಲಿ, ರೈಗಳನ್ನು ಬದುಕಿರುವವರೆಗೆ ಬಿಡುವುದೇ ಇದರ ಚಿಕಿತ್ಸೆ.

ರೋಗ ತಿಳಿದ ಮೇಲೆ ಓದುತ್ತ ಹೋದಾಗ ಇದರ ವೇಷಗಳು ಎಷ್ಟೆಂದು ಕಂಡು ಬೆರಗಾದೆ. ಮಕ್ಕಳಲ್ಲಿ ಎತ್ತರ ನಿಂತುಹೋಗುವುದು, ಹಲ್ಲಿನ ಎನಾಮಲ್ ಸರಿಯಾಗಿ ಕಟ್ಟದಿರುವುದು. ಹೆಂಗಸರಲ್ಲಿ ಬಸಿರು ನಿಲ್ಲದಿರುವುದು, ಮತ್ತೆ ಮತ್ತೆ ಗರ್ಭಪಾತವಾಗುವುದು. ಕಾರಣ ತಿಳಿಯದೆ ಲಿವರ್ ಪರೀಕ್ಷೆಯ ಅಂಕಿಗಳು ಏರಿರುವುದು. ಚರ್ಮದ ರೂಪವೊಂದಿದೆ. ಮೊಣಕೈ, ಮೊಣಕಾಲು, ಕುಂಡೆಗಳ ಮೇಲೆ ಎರಡೂ ಬದಿಗೆ ಸಮನಾಗಿ ಸಣ್ಣ ನೀರುಗುಳ್ಳೆಗಳೆದ್ದು, ತಡೆಯಲಾರದ ತುರಿಕೆಯಲ್ಲಿ ಗುಳ್ಳೆ ಒಡೆದು, ವೈದ್ಯರೆದುರು ನಿಂತಾಗ ಬರೀ ಪರಚಿದ ಗಾಯಗಳು ಕಾಣುತ್ತವೆ. ಹೊಟ್ಟೆಯ ದೂರೇ ಇಲ್ಲದ ಇಂಥವರಿಗೆ ಗುಳ್ಳೆಯ ಪಕ್ಕದ, ನೋಡಲು ಸರಿಯಿರುವ ಚರ್ಮದ ಚೂರನ್ನು ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ನರದ ರೂಪವೂ ಇದೆ. ನಡೆಯುವಾಗ ತೂರಾಡುವ, ಮಾತು ತೊದಲುವ ಕೆಲವರಲ್ಲಿ ಬೇರೆ ಕಾರಣ ಕಾಣದಿದ್ದಾಗ ಗ್ಲೂಟನ್ ಕಡೆಗೆ ಬೊಟ್ಟುಮಾಡಿದವರು ಇಂಗ್ಲೆಂಡಿನ ಶೆಫೀಲ್ಡಿನ ನರತಜ್ಞ ಮಾರಿಯೋಸ್ ಹಾಜಿವಾಸಿಲಿಯೂ ಮತ್ತು ಅವರ ಸಂಗಡಿಗರು, 1990ರ ದಶಕದಲ್ಲಿ. ನನ್ನ ಅಂಗಾಲಿನ ಇರುವೆಗಳಿಗೂ ಇಲ್ಲಿಯೇ ಮೂಲವಿತ್ತೆಂದು ವೈದ್ಯರು ನಂಬುತ್ತಾರೆ; ಅವು ಪೂರ್ತಿ ಹೋಗಿಲ್ಲ.

ಗೋಧಿ ಆಗದ ಎಲ್ಲರಿಗೂ ಸೀಲಿಯಾಕ್ ಇರುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಚಪಾತಿ ತಿಂದರೆ ಹೊಟ್ಟೆಯುಬ್ಬರ, ತಲೆನೋವು. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಿದ ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು, ಗೋಧಿಯ ಅಲರ್ಜಿಯೂ ಇಲ್ಲ. ಇದನ್ನು ಗ್ಲೂಟನ್ ಸಂವೇದನೆ ಎಂದು ಕರೆಯುತ್ತಾರೆ. ಇದನ್ನು ಸಾಬೀತುಮಾಡುವ ರಕ್ತಪರೀಕ್ಷೆಯಿಲ್ಲ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ತಂಡವೊಂದು 2011ರಲ್ಲಿ ಇಂಥವರಿಗೆ ಗ್ಲೂಟನ್ನಿನಿಂದ ತೊಂದರೆಯಾಗುತ್ತದೆಂದು ತೋರಿಸಿತು. ಅದೇ ತಂಡ 2013ರಲ್ಲಿ, ಕರುಳಿನಲ್ಲಿ ಹುಳಿತು ವಾಯು ಉಂಟುಮಾಡುವ ಸಕ್ಕರೆಗಳನ್ನು ಮೊದಲು ಊಟದಿಂದ ತೆಗೆದು ನೋಡಿದಾಗ ಗ್ಲೂಟನ್ನಿನ ಪಾತ್ರ ಬೇರೆಯಾಗಿ ಕಾಣಲಿಲ್ಲ. ಗೋಧಿಯಲ್ಲಿಯೂ ಈರುಳ್ಳಿ, ಬೆಳ್ಳುಳ್ಳಿಗಳಲ್ಲಿಯೂ ಇರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಯೇ ಹಲವರಲ್ಲಿ ಕಾರಣವಿರಬಹುದೆಂದು 2018ರಲ್ಲಿ ನಾರ್ವೆಯಿಂದ ಬಂದ ಅಧ್ಯಯನವೂ ಸೂಚಿಸಿತು. ನನ್ನ ಸಹೋದ್ಯೋಗಿ ಈರುಳ್ಳಿ ಕಡಿಮೆ ಮಾಡಿದ ಮೇಲೆ ಒಂದು ಚಪಾತಿಯನ್ನು ಆರಾಮವಾಗಿ ತಿನ್ನುತ್ತಾರೆ. ಅವರ ಕಷ್ಟ ಸುಳ್ಳಲ್ಲ, ಆದರೆ ಅವರ ಪಥ್ಯ ಬೇರೆ, ನನ್ನದು ಬೇರೆ. ಅವರಿಗೆ ಒಂದು ಬಿಸ್ಕತ್ತು ಒಂದು ಸಂಜೆಯ ತೊಂದರೆ. ನನಗೆ ಏನೂ ಅನ್ನಿಸದಿದ್ದರೂ ಒಳಗೆ ಹೊಲ ಮತ್ತೆ ಕೂಳೆಯಾಗುತ್ತದೆ. ಈ ಭೇದ ತಿಳಿಯುವುದಕ್ಕೇ ಪರೀಕ್ಷೆ ಬೇಕು.

ಜೋಳ, ರಾಗಿ, ನವಣೆ, ಸಜ್ಜೆ, ಅಕ್ಕಿಗಳ ನಾಡಿನಲ್ಲಿ ಹುಟ್ಟಿದ್ದು ನನ್ನ ಭಾಗ್ಯ. ಪಥ್ಯವೆಂದರೆ ಬಹುಮಟ್ಟಿಗೆ ನಾನು ಬಾಲ್ಯದ ತಟ್ಟೆಗೆ ಮರಳಿದ್ದೇನೆ. ಆದರೂ ಅಡಗಿ ಕುಳಿತ ಗೋಧಿಯನ್ನು ಹುಡುಕುವುದು ಒಂದು ವಿದ್ಯೆ. ಆರು ತಿಂಗಳ ಪಥ್ಯದ ನಂತರವೂ ಟಿಟಿಜಿ ಇಳಿಯಬೇಕಾದಷ್ಟು ಇಳಿಯದಿದ್ದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಓದುತ್ತ ಕುಳಿತೆ. ಇಂಗಿನ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಮೈದಾ ಎಂದಿತ್ತು. ಅಂಗಡಿಯ ಇಂಗಿನಲ್ಲಿ ಇಂಗಿಗಿಂತ ಹಿಟ್ಟೇ ಹೆಚ್ಚು. ಎರಡನೆಯದು ಗಿರಣಿ. ರಾಗಿ ಬೀಸಿದ ಮೇಲೆ ಅಕ್ಕಿ ಹಾಕಿದರೆ ಮೊದಲು ಬೀಳುವ ಹಿಟ್ಟು ಕೆಂಪಗಿರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗೋಧಿ ಬೀಸಿದ ಮೇಲೆ ನನ್ನ ಜೋಳ ಹಾಕಿದರೆ ಬಣ್ಣದಲ್ಲಿ ಅಷ್ಟು ಭೇದ ಕಾಣುವುದಿಲ್ಲ, ಅಷ್ಟೇ. ಆಹಾರವನ್ನು ಗ್ಲೂಟನ್‌ರಹಿತವೆಂದು ಮಾರಬೇಕಾದರೆ ಅದರಲ್ಲಿ ಗ್ಲೂಟನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವಿದೆ. ಗಿರಣಿಯ ಬಾಯಲ್ಲಿ ಉಳಿದ ಒಂದು ಹಿಡಿ ಹಿಟ್ಟು ಆ ಮಿತಿಯನ್ನು ಎಲ್ಲಿಗೋ ಒಯ್ಯುತ್ತದೆ. ಈಗ ಮನೆಯಲ್ಲಿಯೇ ಸಣ್ಣ ಗಿರಣಿಯಿದೆ, ಗೋಧಿ ಅದರ ಹತ್ತಿರ ಸುಳಿಯುವುದಿಲ್ಲ.

ಅತ್ಯಂತ ಇಕ್ಕಟ್ಟಾದದ್ದು ಸತ್ಯನಾರಾಯಣ ಪೂಜೆಯ ದಿನ. ಪ್ರಸಾದ ತೆಗೆದುಕೊಳ್ಳದೆ ಎದ್ದ ಕಲಾವತಿಗೆ ಏನಾಯಿತೆಂಬ ಕಥೆಯನ್ನು ಕೇಳಿ ಮುಗಿದ ಕೂಡಲೇ ರವೆಯ ಸಜ್ಜಿಗೆಯನ್ನು ಒಲ್ಲೆನೆನ್ನುವುದು ನನ್ನಿಂದಾಗದು, ಅತ್ತೆಯವರ ಕಣ್ಣೆದುರಿಗಂತೂ ಆಗದು. ಪುರೋಹಿತರಿಗೆ ವಿಷಯ ತಿಳಿಸಿದಾಗ ಅವರು, ಗೋಧಿ ಇಲ್ಲದಿದ್ದರೆ ಅಕ್ಕಿಯ ಹಿಟ್ಟಿನಲ್ಲಿ ಮಾಡಬಹುದೆಂದು ವ್ರತಕಥೆಯಲ್ಲಿಯೇ ಹೇಳಿದೆಯಲ್ಲ ತಾಯಿ ಎಂದರು. ಅತ್ತೆಯವರು ಅಂದೇ ಅಕ್ಕಿತರಿ ಹುರಿದರು. ಈಗ ನಮ್ಮ ಮನೆಯ ಸಪಾದ ಭಕ್ಷ್ಯ ಎಲ್ಲರಿಗೂ ಅಕ್ಕಿಯದೇ.

ಒಂದೂವರೆ ವರ್ಷದಲ್ಲಿ ನನ್ನ ಹಿಮೋಗ್ಲೋಬಿನ್ 12.3ಕ್ಕೆ ಬಂದಿದೆ, ಡ್ರಿಪ್ ಇಲ್ಲದೆ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಈ ಕಾಯಿಲೆ ಕಾಣಿಸುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚಾದ್ದರಿಂದ ಅವರನ್ನೆಲ್ಲ ಪರೀಕ್ಷಿಸಬೇಕೆಂದು ವೈದ್ಯರು ಹೇಳಿದ್ದರು. ಅವ್ವನದು ಸರಿಯಾಗಿ ಬಂತು. ಮಗಳದೂ ಸದ್ಯಕ್ಕೆ ಸರಿಯಿದೆ, ಕೆಲವು ವರ್ಷಗಳ ನಂತರ ಮತ್ತೆ ನೋಡಬೇಕು. ತಮ್ಮ ಮಾತ್ರ ಒಂದು ವರ್ಷ ಮುಂದೂಡಿದ. “ಅಕ್ಕಾ, ನನಗ ಹೊಟ್ಟಿದು ಏನೂ ತ್ರಾಸಿಲ್ಲ ಬಿಡು” ಎಂಬುದೇ ಅವನ ಉತ್ತರ. ಕಳೆದ ತಿಂಗಳು ಊರಿಗೆ ಹೋದಾಗ ಅವನು ತೋಳು ಮಡಚಿ ಊಟಕ್ಕೆ ಕುಳಿತಿದ್ದ. ಎರಡೂ ಮೊಣಕೈಗಳ ಮೇಲೆ ಪರಚಿ ಕಪ್ಪಾದ ಗಾಯಗಳು. ನಾಲ್ಕು ವರ್ಷದಿಂದ ಹುಳುಕಡ್ಡಿಯ ಮುಲಾಮು ಹಚ್ಚುತ್ತಿದ್ದಾನಂತೆ. ಮರುದಿನವೇ ಕರೆದೊಯ್ದು ರಕ್ತ ಕೊಡಿಸಿದೆ, ಟಿಟಿಜಿ ಏರಿದೆ. ಎಂಡೋಸ್ಕೋಪಿಯೂ ಚರ್ಮದ ಪರೀಕ್ಷೆಯೂ ಬರುವ ಗುರುವಾರಕ್ಕಿವೆ. ವರದಿ ಕೇಳಿ ಹೆದರಿದ ನಾದಿನಿ ಆ ದಿನವೇ ಗೋಧಿ ಹಿಟ್ಟಿನ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಿದ್ದಳು. ಮರಳಿ ತರಿಸಿದೆ. ಗುರುವಾರದವರೆಗೆ ಅವನಿಗೆ ದಿನಕ್ಕೆ ಎರಡು ಚಪಾತಿ ತಪ್ಪಬಾರದೆಂದು ಅವಳಿಗೆ ಮತ್ತೆ ಮತ್ತೆ ಹೇಳಿ ಬಂದಿದ್ದೇನೆ. ರಾತ್ರಿ ಒಂಬತ್ತಕ್ಕೆ ಫೋನು ಮಾಡಿ, ತಿಂದೆಯೇನೋ ಎಂದು ಕೇಳುತ್ತೇನೆ. “ತಿಂದೆ ಅಕ್ಕಾ, ಎರಡೂ” ಎನ್ನುತ್ತಾನೆ.